ಉಳಿದವರ ನೆನಪು

ಕೋಣೆಯಿಂದ ಹೊರಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಅವರಾಗಿ ಬಾಯಿ ಬಿಡುವ ತನಕ ಏನನ್ನೂ ಕೇಳಬಾರದು ಎಂಬುದು ನೀಲಾಂಬಿಕಾ ತಾನೇ ಮಾಡಿಕೊಂಡಿದ್ದ ನಿಯಮ. ಒಳಗೆ ಅವರು ಕುಳಿತಿರುತ್ತಿದ್ದುದು ಒಂದು ಗಂಟೆಯಷ್ಟೇ. ಆದರೆ ಏಳುವಷ್ಟರಲ್ಲಿ, ಇನ್ನೂ ಬಾರದ ಒಂದು ವರ್ಷ ಅವರ ತಲೆಯೊಳಗೆ ಕಳೆದುಹೋಗಿರುತ್ತಿತ್ತು. ಕೆಲವರು ಸುಮ್ಮನೆ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತ ಕೂಡುತ್ತಿದ್ದರು. ಕೆಲವರು ಮನೆಗೆ ಫೋನ್ ಹಚ್ಚಿ, ಆ ಕಡೆಯಿಂದ ದನಿ ಕೇಳುತ್ತಲೇ ಏನೂ ಮಾತಾಡದೆ ಇಟ್ಟುಬಿಡುತ್ತಿದ್ದರು.

ಯಂತ್ರದ ಹೆಸರು ಮುನ್ನೆನಪು. ಅದನ್ನು ಕಟ್ಟಿದವಳು ವಿಜಯಪುರ ಸೀಮೆಯ ನರವಿಜ್ಞಾನಿ ಡಾ. ಫರ್ಹತ್ ಇನಾಮದಾರ. ಊರು ನಡೆಸುವವರ ಮುಂದೆ ಅಂಕಿಅಂಶ ಇಟ್ಟು ಇಟ್ಟು ಬೇಸತ್ತವಳು ಅವಳು. ಹತ್ತು ವರ್ಷದ ಆಚೆಯ ಮಾತು ಎತ್ತಿದರೆ ಸಭೆಯಲ್ಲಿ ಆಕಳಿಕೆ ಶುರುವಾಗುತ್ತದೆ. ಹೋದ ಬೇಸಿಗೆಯ ಮಾತು ತೆಗೆದರೆ ಅದೇ ಜನ ನೆಟ್ಟಗೆ ಕೂಡುತ್ತಾರೆ. ಮನುಷ್ಯ ಹೇಳಿದ್ದಕ್ಕೆ ಅಂಜುವುದಿಲ್ಲ, ನೆನಪಿದ್ದಕ್ಕೆ ಅಂಜುತ್ತಾನೆ. ಹಾಗಾದರೆ ಬರುವ ಕಾಲವನ್ನೇ ಅವನ ತಲೆಗೆ ನೆನಪಾಗಿ ಇಟ್ಟುಬಿಟ್ಟರೆ? ಇದೊಂದು ಪ್ರಶ್ನೆಯ ಬೆನ್ನು ಹತ್ತಿ ಅವಳು ಅರ್ಧ ಆಯುಷ್ಯ ಕಳೆದಿದ್ದಳು.

ಯಂತ್ರ ಮಾಡುತ್ತಿದ್ದುದು ಇಷ್ಟು. ಊರಿನ ಹವೆ, ನೀರು, ವಿದ್ಯುತ್ತು, ರೋಗರುಜಿನ, ಯಾವ ಓಣಿಯಲ್ಲಿ ಎಂಥ ಮಾಡಿನ ಮನೆ, ಯಾರು ಎಲ್ಲಿ ಕೆಲಸಕ್ಕೆ ಹೋಗುತ್ತಾರೆ, ಎಲ್ಲವನ್ನೂ ಅದಕ್ಕೆ ಉಣಿಸಬೇಕು. ಇಂದಿನಿಂದ ಮುಂದಕ್ಕೆ ಊರು ಹಿಡಿಯಬಹುದಾದ ಸಾವಿರಾರು ದಾರಿಗಳನ್ನು ಅದು ಲೆಕ್ಕ ಹಾಕುತ್ತದೆ. ಒಳಗೆ ಕುಳಿತವರ ತಲೆಗೆ ಕುಲಾಯಿಯಂಥ ಸಾಧನ ತೊಡಿಸಿ, ನಿದ್ದೆಯಲ್ಲಿ ಮೆದುಳು ನೆನಪು ಕಟ್ಟುವ ಬಗೆಯಲ್ಲೇ ಆ ದಾರಿಯ ಒಂದು ವರ್ಷದ ಎಳೆಗಳನ್ನು ಮೆತ್ತಗೆ ಕೂಡಿಸುತ್ತದೆ. ಎಳೆ ಯಂತ್ರದ್ದು, ಬಣ್ಣ ಮೆದುಳಿನದು. ಇದು ನಡೆದದ್ದಲ್ಲ ಎಂದು ಹೊರಬಂದವರಿಗೆ ಗೊತ್ತಿರುತ್ತದೆ. ಆದರೆ ಎದೆಗೆ ಅದು ಗೊತ್ತಾಗುವುದಿಲ್ಲ.

ತಂಡಗಳನ್ನು ಕೂಡಿಸುವುದು, ಯಾವ ಯಾವ ಭವಿಷ್ಯ ತೋರಿಸಬೇಕೆಂದು ಗೊತ್ತುಮಾಡುವುದು, ಹೊರಬಂದ ಮೇಲೆ ಅವರನ್ನು ಮಾತಿಗೆಳೆದು ಯೋಜನೆಯ ಕಡೆಗೆ ನಡೆಸುವುದು ನೀಲಾಂಬಿಕೆಯ ಕೆಲಸ. ಯಂತ್ರವನ್ನಿಟ್ಟಿದ್ದ ಸಂಶೋಧನಾ ಕೇಂದ್ರವಿದ್ದುದು ಅವಳ ಗಂಡನ ಊರಾದ ಕಾಗಿಣಾಪುರದಲ್ಲಿ, ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯ ಅತಿಥಿಗೃಹದಲ್ಲಿ. ಪರಸಿ ಕಲ್ಲಿನ ಗಣಿಗಳ ನಡುವೆ ಬೆಳೆದ ಊರು ಅದು. ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು. ಬೇಸಿಗೆಯಲ್ಲಿ ಇಡೀ ಊರು ಕಾದ ಹಂಚು. ಗಣಿ ಕೆಲಸದವರ ವಸತಿಗೆ ತಗಡಿನ ಓಣಿ ಎಂದೇ ಹೆಸರು.

ಆ ವರ್ಷ ಊರಿನ ನಗರಸಭೆಯೇ ಮುಂದಿನ ಕಾಲದ ಯೋಜನೆಗೆಂದು ಒಂದು ಸಮಿತಿ ಮಾಡಿ ಕಳಿಸಿತು. ಅಧ್ಯಕ್ಷ ರೇವಣಸಿದ್ದಪ್ಪ, ಅವನ ಜೊತೆ ಮೂವರು ಸದಸ್ಯರು, ಮತ್ತು ನೀರು ಸರಬರಾಜಿನ ಎಂಜಿನಿಯರ್ ಗುರುಲಿಂಗ. ಗುರುಲಿಂಗನೇ ನೀಲಾಂಬಿಕೆಯ ಗಂಡ. ಮನೆಯವರನ್ನು ಕೋಣೆಯಲ್ಲಿ ಕೂಡಿಸಬಾರದೆಂಬ ನಿಯಮವೇನೂ ಇರಲಿಲ್ಲ. ಇರಬೇಕಾಗಿತ್ತು ಎಂದು ಅವಳಿಗೆ ಆಮೇಲೆ ಅನಿಸಿತು.

ಸಮಿತಿಗೆ ಅವಳು ಹತ್ತು ವರ್ಷದ ಆಚೆಯ ಎರಡು ಭವಿಷ್ಯ ಆರಿಸಿದಳು. ಒಂದು, ಓಣಿ ಓಣಿಗೆ ಮರ, ತಗಡು ತೆಗೆದು ತಂಪು ಚಾವಣಿ, ಗಣಿ ಕೆಲಸ ಬೆಳಗಿನ ಹೊತ್ತಿಗಷ್ಟೇ, ಹೀಗೆ ಎಲ್ಲ ಮಾಡಿ ಮುಗಿಸಿದ ಊರು. ಇನ್ನೊಂದು, ಏನೂ ಮಾಡದೆ ಬಿಟ್ಟ ಊರು. ಎರಡನೆಯದರಲ್ಲಿ ಒಂದು ಬೇಸಿಗೆ ಬರುತ್ತದೆ. ಬಿಸಿಲಷ್ಟೇ ಆದರೆ ಆ ಸೀಮೆಯವರು ತಾಳುತ್ತಾರೆ. ಆದರೆ ಮಳೆಗಾಲದ ಮೋಡ ಬಂದು ನಿಂತು ಸುರಿಯದೆ ಹೋದಾಗ, ಕಾಲುವೆ ನೀರಿನ ಹಸಿಯೂ ಸೇರಿ ಗಾಳಿ ಒದ್ದೆಯಾಗುತ್ತದೆ. ಆಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವ ಬೇರೆ ಹಾದಿಯಿಲ್ಲ; ನೆರಳಲ್ಲಿ ಕುಳಿತ ಗಟ್ಟಿಮುಟ್ಟು ಆಳೂ ಒಳಗಿಂದ ಬೇಯುತ್ತಾನೆ. ಅದೇ ಹೊತ್ತಿಗೆ ವಿದ್ಯುತ್ತು ಹೋದರೆ ಏನಾಗುತ್ತದೋ ಅದು ಆ ವರ್ಷದಲ್ಲಿತ್ತು.

ಎರಡನೆಯದು ಮುಗಿಸಿ ಹೊರಬಂದಾಗ ಐವರೂ ಅತ್ತರು. ಊರಲ್ಲಿ ದೊಡ್ಡ ಗಂಟಲಿನ ಮನುಷ್ಯನೆಂದು ಹೆಸರಾದ ರೇವಣಸಿದ್ದಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತು ತಮ್ಮನ ಹೆಸರು ಹೇಳುತ್ತ ಬಿಕ್ಕಿದ. ಗುರುಲಿಂಗ ಮಾತ್ರ ಕಣ್ಣೊರೆಸಿಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ನೀರು ಕೊಟ್ಟಾಗ ಲೋಟದ ಜೊತೆ ಅವಳ ಕೈಯನ್ನೂ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ. ನೀಲಾಂಬಿಕೆಗೆ ಮನಸ್ಸು ತುಂಬಿ ಬಂತು. ಇಷ್ಟು ಅತ್ತವರು ಇನ್ನು ಸುಮ್ಮನಿರಲಾರರು, ಈ ಊರು ಬದುಕಿತು ಎಂದುಕೊಂಡಳು.

ಮನೆಯಲ್ಲಿ ಮಾತ್ರ ಏನೋ ಬದಲಾಗಿತ್ತು. ಗುರುಲಿಂಗ ಮಿತಭಾಷಿ, ಸ್ವಲ್ಪ ಸಿಡುಕ. ಚಹಾ ತಡವಾದರೆ ಮುಖ ಗಂಟಿಕ್ಕುವವ. ಈಗ ತಾನೇ ಎದ್ದು ಚಹಾ ಮಾಡಿಕೊಳ್ಳತೊಡಗಿದ. ಚಹಾಪುಡಿಗೆ ಕೈ ಹಾಕುವಾಗ ಅದು ಯಾವತ್ತೂ ಇರದಿದ್ದ ಮೇಲಿನ ಹಲಗೆಗೆ ಹಾಕಿ, ತಡವರಿಸಿ, ಕೆಳಗೆ ಹುಡುಕುತ್ತಿದ್ದ. ಹೆಂಡತಿಯೊಂದಿಗೆ ಅವನ ಮಾತು ಮೆತ್ತಗಾಯಿತು. ಜಗಳ ಪೂರಾ ನಿಂತುಹೋಯಿತು. ಅವಳು ಬೇಕೆಂದೇ ಕೆಣಕಿದರೂ ನಕ್ಕು ಸುಮ್ಮನಾಗುತ್ತಿದ್ದ. ದೂರದ ಊರಿಂದ ಎರಡು ದಿನಕ್ಕೆಂದು ಬಂದ ನೆಂಟರನ್ನು ನೋಡಿಕೊಳ್ಳುವ ಹಾಗೆ ಅವಳನ್ನು ನೋಡಿಕೊಳ್ಳುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಅವಳು ಹಸಿರು ಇಳಕಲ್ ಸೀರೆ ಉಟ್ಟು ಪಡಸಾಲೆಗೆ ಬಂದಳು. ಪೇಪರ್ ಓದುತ್ತಿದ್ದವನು ತಲೆಯೆತ್ತಿ, ತುಸು ಗೊಂದಲದಿಂದ, "ಇದನ್ನ ನಿಮ್ಮಕ್ಕಗ ಕೊಟ್ಟಿದ್ನಲ್ಲ" ಅಂದ.

ಅಂದ ಮೇಲೆ ಅವನಿಗೇ ತಿಳಿಯಿತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ. ಅವಳು ಎದುರಿಗೆ ಕುಳಿತಳು. ಹೇಳಬೇಡಿ ಎಂದು ತಡೆಯಬಹುದಿತ್ತು. ತಡೆಯಲಿಲ್ಲ.

ಆ ಬೇಸಿಗೆಯಲ್ಲಿ ಅವಳು ತಗಡಿನ ಓಣಿಯವರಿಗೆ ನೆರವಾಗಲು ಹೋಗಿದ್ದಳಂತೆ. ತಿರುಗಿ ಬಂದಾಗ ಮೈ ಕೆಂಡ. ಆಸ್ಪತ್ರೆಯ ವರಾಂಡದಲ್ಲಿ ಜಾಗ ಸಿಗುವಷ್ಟರಲ್ಲಿ ಮಾತು ನಿಂತಿತ್ತಂತೆ. ಮಣ್ಣಿಗೆ ಬಂದವರು ಯಾರು, ಅಕ್ಕ ಹೇಗೆ ಅತ್ತಳು, ಸೀರೆಗಳನ್ನು ಯಾರಿಗೆ ಹಂಚಿದ, ಎಲ್ಲವನ್ನೂ ಅವನು ನೆರೆಮನೆಯ ಸುದ್ದಿ ಹೇಳುವ ಹಾಗೆ ಒಂದೊಂದಾಗಿ ಹೇಳಿದ. ಆ ಮೇಲೆ ನೀವೇನು ಮಾಡಿದಿರಿ ಎಂದು ಅವಳು ಕೇಳಿದಳು.

"ಭಾಳ ಕಷ್ಟ ಆತು ನೀಲಾ. ಮನಿಗೆ ಬರಬಾರದು ಅನ್ನಿಸ್ತಿತ್ತು. ಆಮ್ಯಾಲ..." ಅವನು ಕಿಟಕಿಯ ಕಡೆ ನೋಡಿದ. "ಆಮ್ಯಾಲ ರೂಢಿ ಆತು. ಮನುಷ್ಯಾಗ ಎಲ್ಲಾ ರೂಢಿ ಆಗ್ತದ."

ಅವನ ದನಿಯಲ್ಲಿ ಸುಳ್ಳಿರಲಿಲ್ಲ, ಕ್ರೌರ್ಯವೂ ಇರಲಿಲ್ಲ. ಅದೇ ಅವಳಿಗೆ ತಡೆಯಲಾರದ್ದಾಯಿತು. ತಾನು ಒಲೆಯ ಮುಂದೆ ನಿಂತಿರುವಾಗ, ಬಟ್ಟೆ ಒಣ ಹಾಕುವಾಗ, ಈ ಮನುಷ್ಯ ತನ್ನನ್ನು ಮಣ್ಣು ಮಾಡಿ, ಅತ್ತು, ಅಳು ಮುಗಿಸಿ ಕುಳಿತಿದ್ದಾನೆ. ಇನ್ನು ತನಗಾಗಿ ಅಳಲು ಅವನಲ್ಲಿ ಏನೂ ಉಳಿದಿಲ್ಲ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಕೆಲಸಕ್ಕೆ ಹೊರಟಳು.

ಮಾತು ಅಷ್ಟಕ್ಕೇ ನಿಂತಿದ್ದರೆ ಅದು ಗಂಡ ಹೆಂಡಿರ ದುಃಖವಾಗಿ ಉಳಿಯುತ್ತಿತ್ತು. ಆದರೆ ದಾರಿಯಲ್ಲಿ ಒಂದು ಅನುಮಾನ ಅವಳ ಜೊತೆಗೆ ನಡೆದು ಬಂತು. ಸಮಿತಿಯ ಉಳಿದ ನಾಲ್ವರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ, ಆ ವರ್ಷದಲ್ಲಿ ನಿಮ್ಮವರು ಯಾರು ಹೋದರು ಎಂದು ವಿಚಾರಿಸಿದಳು. ಒಬ್ಬರಿಗೆ ತಾಯಿ, ಒಬ್ಬರಿಗೆ ಅಳಿಯ, ಇನ್ನೊಬ್ಬರಿಗೆ ಅಣ್ಣ, ರೇವಣಸಿದ್ದಪ್ಪನಿಗೆ ತಮ್ಮ. ಎಲ್ಲರೂ ಯಾರನ್ನಾದರೂ ಕಳೆದುಕೊಂಡಿದ್ದರು. ಎಲ್ಲರೂ ತಾವು ಉಳಿದಿದ್ದರು. ಹಳೆಯ ತಂಡಗಳ ವರದಿಗಳನ್ನೂ ತೆಗೆದು ನೋಡಿದಳು. ಈ ಕೋಣೆಯಿಂದ ಎದ್ದುಬಂದವರಲ್ಲಿ ಒಬ್ಬನೂ, ಎಂಥ ಕೆಟ್ಟ ವರ್ಷದಲ್ಲೂ, ಸತ್ತಿರಲಿಲ್ಲ.

ಫರ್ಹತ್‌ಳ ಮುಂದೆ ಇದನ್ನಿಟ್ಟಾಗ ಅವಳು ಮೊದಲು ನಕ್ಕಳು. ಸತ್ತವನಿಗೆ ನೆನಪೆಲ್ಲಿಂದ ಬರಬೇಕು, ಅದರಲ್ಲಿ ವಿಶೇಷವೇನು ಎಂದಳು. ಹೇಳುತ್ತ ಹೇಳುತ್ತ ಅವಳ ನಗು ಆರಿತು. ಯಂತ್ರ ಒಬ್ಬೊಬ್ಬರಿಗೂ ನೂರಾರು ದಾರಿ ಲೆಕ್ಕ ಹಾಕುತ್ತದೆ. ವರ್ಷದ ಕೊನೆಗೆ ನೆನಪಿಟ್ಟುಕೊಳ್ಳಲು ಆ ಮನುಷ್ಯ ಇರುವ ದಾರಿಯನ್ನಷ್ಟೇ ಅದು ತಲೆಗೆ ಕೂಡಿಸಬಲ್ಲದು. ಉಳಿದ ದಾರಿಗಳು ತಾವಾಗಿಯೇ ಜಾರಿಹೋಗುತ್ತವೆ. ಯಾರೂ ಬೇಕೆಂದು ಮಾಡಿದ್ದಲ್ಲ. ಯಂತ್ರದ ಗುಣವೇ ಅದು, ಅಥವಾ ನೆನಪಿನ ಗುಣ.

ನಡುವೆಯೇ ನೆನಪನ್ನು ಕಡಿದು ನೋಡೋಣ ಎಂದು ಇಬ್ಬರೂ ಪ್ರಯತ್ನಿಸಿದರು. ಪ್ರಯೋಗಕ್ಕೆ ಕುಳಿತ ಸಂಶೋಧನಾ ವಿದ್ಯಾರ್ಥಿಗಳಿಗೆ ಸಾವಿನ ಅಂಚಿನ ತನಕ ಕೊಟ್ಟು ನಿಲ್ಲಿಸಿದರು. ಎದ್ದವರೆಲ್ಲ ಒಂದೇ ಮಾತು ಹೇಳಿದರು: ತಲೆ ತಿರುಗಿ ಬಿದ್ದೆ, ಯಾರೋ ಎತ್ತಿಕೊಂಡು ಹೋದರು. ಎತ್ತಿದವರನ್ನು ಯಂತ್ರ ಕೊಟ್ಟಿರಲಿಲ್ಲ. ಮೆದುಳು ತಾನೇ ಹುಟ್ಟಿಸಿಕೊಂಡಿತ್ತು.

"ಅಂದ್ರ ನಾವು ಇಷ್ಟು ದಿನ ಮಂದಿಗೆ ಏನು ಕಲಿಸೀವಿ, ಫರ್ಹತ್?" ಎಂದು ನೀಲಾಂಬಿಕಾ ಕೇಳಿದಳು.

"ಏನು ಬಂದ್ರೂ ನೀ ಉಳೀತಿ ಅಂತ," ಎಂದಳು ಫರ್ಹತ್. ಅವಳ ಮುಖ ಬೂದಿಯಾಗಿತ್ತು. "ಅಂಜಿಕಿ ಹುಟ್ಟಿಸಾಕ ಹೋಗಿ ಧೈರ್ಯ ಕೊಟ್ಟು ಕಳಿಸೀವಿ."

ಹಾಗಾದರೆ ಉಳಿಯದವರನ್ನು ಕೋಣೆಯಲ್ಲಿ ಕೂಡಿಸಬೇಕು ಎಂಬ ವಿಚಾರ ನೀಲಾಂಬಿಕೆಗೆ ಬಂದದ್ದು ಆಗ. ತಗಡಿನ ಓಣಿಯಲ್ಲಿ ಅವಳಿಗೆ ಗುರುತಿದ್ದವಳು ಭೀಮಬಾಯಿ, ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ದುಡಿಯುವ ನಲವತ್ತರ ಹೆಂಗಸು. ಓಣಿಯ ಮಾಹಿತಿ ಕೂಡಿಸುವಾಗ ಮನೆಮನೆಗೆ ಕರೆದುಕೊಂಡು ಹೋಗಿದ್ದವಳು ಅವಳೇ. ಅವಳು ಇನ್ನೂ ನಾಲ್ಕು ಹೆಂಗಸರನ್ನು ಜೊತೆ ಮಾಡಿಕೊಂಡು ರಜೆಯ ದಿನ ಬಂದಳು. ಮೊದಲು ಒಳ್ಳೆಯ ವರ್ಷ ಕೊಟ್ಟರು. ಎದ್ದಾಗ ಐವರ ಮುಖದಲ್ಲೂ ತವರಿಗೆ ಹೋಗಿ ಬಂದ ಕಳೆ. ಓಣಿಯ ತುಂಬ ಬೇವಿನ ಮರ, ಮಧ್ಯಾಹ್ನ ಮನೆಯೊಳಗೆ ಮಲಗಬಹುದು, ಮಗಳ ಕೂಸಿಗೆ ಬೆವರುಸಾಲೆ ಇಲ್ಲ ಎಂದು ಭೀಮಬಾಯಿ ಒಂದೇ ಸಮನೆ ಹೇಳಿದಳು. ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಚಹಾ ಕುಡಿಸಿ ಎರಡನೆಯದಕ್ಕೆ ಕೂಡಿಸಿದರು. ಒಂದು ಗಂಟೆಯ ಮೇಲೆ ಐವರೂ ಕಣ್ಣುಜ್ಜುತ್ತ ಎದ್ದರು. ಯಾರೂ ಅಳಲಿಲ್ಲ. ಒಬ್ಬಳು ಆಕಳಿಸಿದಳು.

"ಏನೂ ಕಾಣಲಿಲ್ರಿ ಅಕ್ಕೋರ," ಎಂದಳು ಭೀಮಬಾಯಿ ಸ್ವಲ್ಪ ನಾಚಿಕೆಯಿಂದ. "ಹಂಗೇ ಜೊಂಪು ಹತ್ತಿತ್ತು ಕಾಣಸ್ತದ."

ಪರದೆಯ ಮುಂದಿದ್ದ ಫರ್ಹತ್ ತಲೆ ಎತ್ತಲಿಲ್ಲ. ಆ ಐವರಿಗೆ ಯಂತ್ರ ನೂರಾರು ದಾರಿ ಹುಡುಕಿತ್ತು. ಕೂಡಿಸಲು ತಕ್ಕ ದಾರಿ ಸಿಗದೆ ಸುಮ್ಮನೆ ಬಿಟ್ಟಿತ್ತು. ನೀಲಾಂಬಿಕಾ ಯಂತ್ರ ಕೆಟ್ಟಿತ್ತೆಂದು ಸುಳ್ಳು ಹೇಳಿದಳು.

ಸಮಿತಿಯ ಕೊನೆಯ ಸಭೆಗೆ ಅವಳು ಈ ಐದು ಖಾಲಿ ನೆನಪುಗಳನ್ನು ಹಿಡಿದುಕೊಂಡು ಹೋದಳು. ಯಂತ್ರ ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು ಎಂದು ಬಿಡಿಸಿ ಹೇಳಿದಳು. ನೀವು ಐದು ಮಂದಿ ಉಳಿದದ್ದು ಊರು ಉಳಿದದ್ದಕ್ಕೆ ಸಾಕ್ಷಿಯಲ್ಲ ಎಂದಳು. ಅವರು ಗೌರವದಿಂದಲೇ ಕೇಳಿದರು. ಆದರೆ ಅವರೆಲ್ಲರ ಮುಖದಲ್ಲಿ ಒಂದು ನೆಮ್ಮದಿಯಿತ್ತು. ಬೆಂಕಿ ಹಾಯ್ದು ಬಂದವರ ನೆಮ್ಮದಿ. ಕೋಣೆಗೆ ಹೋಗುವ ಮೊದಲು ಅವರಲ್ಲಿದ್ದ ಅಷ್ಟಿಷ್ಟು ಅಳುಕೂ ಈಗ ಇರಲಿಲ್ಲ. ಒಬ್ಬ ಸದಸ್ಯರು, ಓಣಿಯ ಹೆಂಗಸರಿಗೆ ಓದು ಬರಹವಿಲ್ಲ, ಯಂತ್ರ ಅವರ ತಲೆಗೆ ಹತ್ತಿರಲಿಕ್ಕಿಲ್ಲ ಎಂದರು. ಒಳ್ಳೆಯ ವರ್ಷ ಹೇಗೆ ಹತ್ತಿತು ಎಂದು ಅವಳು ಕೇಳಿದಾಗ ಆ ಸದಸ್ಯರು ಅಧ್ಯಕ್ಷನ ಕಡೆ ತಿರುಗಿದರು.

ರೇವಣಸಿದ್ದಪ್ಪ ಕೊನೆಗೆ ಮಾತಾಡಿದ. "ಮೇಡಂ, ನಿಮ್ಮ ಕಾಳಜಿ ತಿಳೀತದ. ಆದ್ರ ಆ ವರ್ಷ ನಾವು ಕಂಡೀವಿ. ನನ್ನ ತಮ್ಮನ್ನ ಕಳಕೊಂಡೀನಿ ನಾ. ಎಲ್ಲಾ ಆಗಿ, ಕಚೇರಿ ಮುಂದಿನ ದೊಡ್ಡ ಹಾಲಿನ್ಯಾಗ ಜನರೇಟರ್ ಹಾಕಿ ಮಂದಿನ್ನ ಕೂಡಿಸಿದ್ವಿ, ದಾಟಿದ್ವಿ. ಅದನ್ನೇ ಈಗ ಚಂದಾಗಿ ಕಟ್ಟಿಟ್ಟರ ಆತು. ಇಡೀ ಊರಿನ ಮಾಡು ಬಿಚ್ಚೂದು ಯಾಕ?"

ಆ ದೊಡ್ಡ ಹಾಲ್ ಎಲ್ಲರ ನೆನಪಲ್ಲೂ ಇತ್ತು. ಅದರಲ್ಲಿ ಕುಳಿತೇ ಅವರಲ್ಲಿ ಹೆಚ್ಚಿನವರು ಉಳಿದಿದ್ದರು. ಅದನ್ನು ಕಟ್ಟುವುದಕ್ಕೆ ಒಪ್ಪಿಗೆಯೆಂದು ಕೈ ಎತ್ತುವ ಹೊತ್ತು ಬಂದಾಗ ಗುರುಲಿಂಗನೂ ಕೈ ಎತ್ತಿದ. ಮನೆಗೆ ಬಂದ ಮೇಲೆ ನೀಲಾಂಬಿಕಾ ಅವನಿಗೆ ಫರ್ಹತ್ ತೆಗೆದುಕೊಟ್ಟ ಅವನದೇ ಲೆಕ್ಕ ತೋರಿಸಿದಳು. ಅವನ ಪ್ರತಿ ನೂರು ದಾರಿಗಳಲ್ಲಿ ಮೂವತ್ತರಷ್ಟರಲ್ಲಿ ಅವನೇ ಇರಲಿಲ್ಲ. ಅವನು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದ, ಅರ್ಥವಾಯಿತು ಎಂದ. ಎಂಜಿನಿಯರ್ ಆದವನಿಗೆ ಅರ್ಥವಾಗದಂಥದ್ದೇನೂ ಅದರಲ್ಲಿರಲಿಲ್ಲ. ಆದರೆ ಲೆಕ್ಕ ಹಾಳೆಯ ಮೇಲಿತ್ತು, ನೆನಪು ಮೈಯಲ್ಲಿತ್ತು.

ಭೀಮಬಾಯಿಗೆ ಅವಳು ನಿಜ ಹೇಳಿದ್ದು, ತಂಪು ಭವನವೆಂದು ಹೆಸರಾದ ಆ ಹಾಲ್‌ಗೆ ಅಡಿಗಲ್ಲು ಇಟ್ಟ ಮೇಲೆ. ಕೆಟ್ಟ ವರ್ಷ ಬಂದರೆ ಓಣಿ ಬಿಟ್ಟುಹೋಗಿ ಎಂದು ಬೇಡಿಕೊಂಡಳು. ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯನ್ನು ಭೀಮಬಾಯಿ ಕೇಳಲೂ ಇಲ್ಲ. ಗುಡಿಸುತ್ತಿದ್ದ ಕಸಬರಿಗೆಯನ್ನು ಗೋಡೆಗೆ ಒರಗಿಸಿಟ್ಟಳು.

"ಮತ್ತ ಆ ಒಳ್ಳೇ ವರ್ಷ ಸುಳ್ಳೇನ್ರಿ ಅಕ್ಕೋರ?"

"ಸುಳ್ಳಲ್ಲ ಭೀಮಬಾಯಿ. ಮಾಡಿದ್ರ ಆಗ್ತದ."

"ಹಂಗಾರ ಮಾಡ್ಸ್ರಿ. ನಾ ನೋಡೀನಲ್ಲ ಅದನ್ನ."

ಮಾಡಿಸಲು ನೀಲಾಂಬಿಕಾ ಏನು ಮಾಡದೆ ಬಿಟ್ಟಳು? ಸರಕಾರಕ್ಕೆ ಬರೆದಳು. ಕಲಬುರಗಿಗೆ, ಬೆಂಗಳೂರಿಗೆ ಅಲೆದಳು. ಓಣಿಯ ಹೆಂಗಸರನ್ನು ಕಟ್ಟಿಕೊಂಡು ನಗರಸಭೆಯ ಮೆಟ್ಟಿಲ ಮೇಲೆ ಕುಳಿತಳು. ಹೋದಲ್ಲೆಲ್ಲ ಅಧಿಕಾರಿಗಳು ಮುನ್ನೆನಪಿನ ವರದಿ ಓದಿಯೇ ಇರುತ್ತಿದ್ದರು. ಸಮಿತಿ ಅನುಭವದಿಂದ ತೀರ್ಮಾನಿಸಿದೆ ಎಂದು ತಿರುಗಿ ಕಳಿಸುತ್ತಿದ್ದರು. ಬೇವಿನ ಸಸಿ ತಂದು ಓಣಿಯಲ್ಲಿ ನೆಟ್ಟರು. ಕಲ್ಲು ನೆಲ, ಬೇಸಿಗೆಗೆ ನೀರಿಲ್ಲ, ಒಂದಷ್ಟು ಆಡು ತಿಂದವು, ಒಂದಷ್ಟು ಒಣಗಿದವು. ಭೀಮಬಾಯಿ ಮಗಳ ಮದುವೆ ಮಾಡಿ ಕೊಟ್ಟಳು. ಹಬ್ಬಕ್ಕೆ ಕಂಡಾಗ, ಆ ವರ್ಷ ಬಂತೇನ್ರಿ ಎಂದು ಕೇಳುತ್ತಿದ್ದಳು. ಯಾವ ವರ್ಷವೆಂದು ಅವಳೂ ಬಿಡಿಸಿ ಹೇಳುತ್ತಿರಲಿಲ್ಲ, ನೀಲಾಂಬಿಕೆಯೂ ಕೇಳುತ್ತಿರಲಿಲ್ಲ. ಫರ್ಹತ್ ಕೇಂದ್ರ ಬಿಟ್ಟು ವಿಜಯಪುರಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳತೊಡಗಿದಳು. ಯಂತ್ರ ಅವಳದಾಗಿ ಉಳಿದಿರಲಿಲ್ಲ, ಅದರ ಹಕ್ಕು ಕೇಂದ್ರದ್ದು.

ಗಂಡ ಹೆಂಡಿರು ಒಂದೇ ಮನೆಯಲ್ಲಿದ್ದರು. ಅವನು ಅವಳಿಗೆ ಯಾವತ್ತೂ ಒರಟಾಗಿ ಮಾತಾಡಲಿಲ್ಲ. ಕೆಲವೊಮ್ಮೆ ಅವಳಿಗೆ ಹಳೆಯ ಗುರುಲಿಂಗನ ಸಿಡುಕು ಬೇಕೆನಿಸುತ್ತಿತ್ತು. ಬದುಕಿರುವವರ ಮೇಲಷ್ಟೇ ಸಿಟ್ಟು ಬರುತ್ತದೆ.

ಹತ್ತು ವರ್ಷ ದಾಟಿದ ಮೇಲೆ ಆ ಬೇಸಿಗೆ ಬಂತು. ಜೂನ್ ಮೊದಲ ವಾರದಲ್ಲಿ ಮೋಡ ಬಂದು ಊರಿನ ಮೇಲೆ ಮುಚ್ಚಳದ ಹಾಗೆ ಕುಳಿತಿತು, ಹನಿ ಬೀಳಲಿಲ್ಲ. ಒಗೆದ ಬಟ್ಟೆ ಆರದಾಯಿತು. ಹಕ್ಕಿಗಳು ಕಟ್ಟೆಗಳ ಕೆಳಗೆ ಬಾಯ್ದೆರೆದು ಬಿದ್ದವು. ಮೂರನೆಯ ದಿನ ಮಧ್ಯಾಹ್ನ ವಿದ್ಯುತ್ತು ಹೋಯಿತು. ಸೀಮೆಯ ಉದ್ದಕ್ಕೂ ಹೋಗಿದೆ, ಇವತ್ತು ಬರುವುದಿಲ್ಲ ಎಂಬ ಸುದ್ದಿ ಬಂತು. ತಂಪು ಭವನದ ಜನರೇಟರ್ ಚಾಲೂ ಆಯಿತು. ಸುತ್ತಲಿನ ಬಡಾವಣೆಗಳವರು ಹೋಗಿ ಕುಳಿತರು, ಭವನ ತುಂಬಿತು. ತಗಡಿನ ಓಣಿ ಊರಿನ ಆ ತುದಿಗಿತ್ತು. ಅಲ್ಲಿಂದ ನಡೆದು ಬರುವುದೆಂದರೆ ದಾರಿಯಲ್ಲೇ ಬೀಳುವುದು.

ನೀಲಾಂಬಿಕಾ ಹಳೆಯ ಬೆಡ್‌ಶೀಟುಗಳನ್ನು, ಕೊಡಗಳನ್ನು ಗಾಡಿಗೆ ಹೇರುತ್ತಿದ್ದಾಗ ಗುರುಲಿಂಗ ಕಚೇರಿಯಿಂದ ಬಂದ. ಓಣಿಯ ನೀರಿನ ಟಾಕಿ ಬರಿದಾಗಿದೆ, ನದಿ ದಂಡೆಯ ಪಂಪ್‌ಹೌಸಿನಲ್ಲಿ ಹಳೆಯ ಡೀಸೆಲ್ ಪಂಪೊಂದಿದೆ, ಅದನ್ನು ಎಬ್ಬಿಸಿದರೆ ನೀರು ಬಿಡಬಹುದು, ಅದನ್ನು ಬಲ್ಲವನು ತಾನೊಬ್ಬನೇ ಎಂದ. ಪಂಪ್‌ಹೌಸಿನ ಮಾಡೂ ತಗಡಿನದೇ. ಅವಳು ಅಡ್ಡ ನಿಂತಳು. ಹೊತ್ತು ಇಳಿಯಲಿ, ಆಮೇಲೆ ಹೋಗಿ ಎಂದಳು.

"ನನಗೇನೂ ಆಗೂದಿಲ್ಲ ನೀಲಾ. ಆ ದಿನ ನಾ ಪಂಪ್‌ಹೌಸಿನ್ಯಾಗೇ ಇದ್ದೆ," ಎಂದ ಅವನು. ಜಂಬ ಕೊಚ್ಚಿಕೊಳ್ಳುವ ದನಿಯಲ್ಲ, ನಿನ್ನೆಯ ಮಾತು ಹೇಳುವ ದನಿ. ಆಮೇಲೆ ಅವಳ ತೋಳು ಹಿಡಿದ. ಎಷ್ಟೋ ವರ್ಷಗಳ ಮೇಲೆ ಅವನ ಕಣ್ಣಲ್ಲಿ ಅಂಜಿಕೆ ಕಂಡಿತು. "ನೀ ಓಣಿಗೆ ಹೋಗಬ್ಯಾಡ. ನಿನ್ನ ಕಾಲು ಹಿಡೀತೀನಿ. ನೀ ಹೋಗಬ್ಯಾಡ."

"ನಿಮ್ಮ ಲೆಕ್ಕ ತೋರ್ಸೀನಿ ನಾ ನಿಮಗ. ನೂರಕ್ಕ ಮೂವತ್ತು."

"ಗೊತ್ತದ," ಎಂದ. ಗೊತ್ತಿತ್ತು. ಹೋದ.

ಅವಳೂ ಹೋದಳು.

ಓಣಿಯಲ್ಲಿ ಅವಳು ಕಂಡದ್ದನ್ನು ಮುಂದೆ ಯಾರು ಕೇಳಿದರೂ ಪೂರ್ತಿ ಹೇಳಲಿಲ್ಲ. ಸದ್ದಿರಲಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಬಾಗಿಲುಗಳು ತೆರೆದಿದ್ದವು, ಜನ ನೆಲಕ್ಕೆ ಮೈ ಹಚ್ಚಿ ಮಲಗಿದ್ದರು. ಯಾರು ಮಲಗಿದವರು, ಯಾರು ಹೋದವರು ಎಂದು ಮುಟ್ಟಿ ನೋಡಬೇಕಿತ್ತು. ಭೀಮಬಾಯಿ ಬಚ್ಚಲ ಕಲ್ಲಿನ ಮೇಲೆ ಒರಗಿದ್ದಳು. ತಂದ ನೀರಲ್ಲಿ ನೀಲಾಂಬಿಕಾ ಅರಿವೆ ಅದ್ದಿ ಅವಳ ಎದೆಗೆ, ಕುತ್ತಿಗೆಗೆ ಸುತ್ತಿದಳು. ನೀರು ಆರಲಿಲ್ಲ, ಮೈ ತಣಿಯಲಿಲ್ಲ. ಭೀಮಬಾಯಿ ಒಮ್ಮೆ ಕಣ್ಣು ತೆರೆದು, ಮಗಳು ಊರಲ್ಲಿಲ್ಲ ಹೌದಲ್ಲ ಎಂದು ಕೇಳಿದಳು. ಇಲ್ಲ, ಗಂಡನ ಮನೆಯಲ್ಲಿದ್ದಾಳೆ, ಅಲ್ಲಿ ಮಳೆಯಾಗಿದೆ ಎಂದು ನೀಲಾಂಬಿಕಾ ಹೇಳಿದಳು. ಮಳೆಯ ಮಾತು ಸುಳ್ಳು. ಭೀಮಬಾಯಿ ತಲೆಯಾಡಿಸಿದಳು.

ಸಂಜೆಯ ಹೊತ್ತಿಗೆ ಓಣಿಯ ನಲ್ಲಿ ಬುಸುಗುಟ್ಟಿತು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಪಂಪು ಎದ್ದಿತು, ಅವನು ಗೆದ್ದ ಎಂದುಕೊಂಡು ಅವಳು ಕೊಡ ಹಿಡಿದಳು. ಆ ನೀರಿನಿಂದ ಕೆಲವರು ಉಳಿದರು. ಭೀಮಬಾಯಿ ಅಷ್ಟರಲ್ಲಿ ಹೋಗಿದ್ದಳು. ಅವಳ ಜೊತೆ ಕೋಣೆಗೆ ಬಂದಿದ್ದ ನಾಲ್ವರಲ್ಲಿ ಮೂವರು ಹೋಗಿದ್ದರು.

ಗುರುಲಿಂಗನನ್ನು ನೀರು ಇಲಾಖೆಯ ಜೀಪಿನವರು ಪಂಪಿನ ಪಕ್ಕದಲ್ಲಿ ಕಂಡರು. ಗೋಡೆಗೆ ಒರಗಿ ಕುಳಿತಿದ್ದ. ಪಕ್ಕದಲ್ಲಿದ್ದ ಬಾಟಲಿಯಲ್ಲಿ ನೀರು ಹಾಗೇ ಇತ್ತು. ಕುಡಿಯಬೇಕೆಂದು ಅವನಿಗೆ ಅನಿಸಿಯೇ ಇರಲಿಲ್ಲ. ಪಂಪು ಇನ್ನೂ ನಡೆಯುತ್ತಿತ್ತು.

ನೀಲಾಂಬಿಕೆಗೆ ಮೊದಲೇ ಅತ್ತು ಮುಗಿಸಿದ ಯಾವ ನೆನಪೂ ಇರಲಿಲ್ಲ. ದುಃಖ ಮೊದಲನೆಯ ಸಲ ಬಂದಿತ್ತು, ಬಂದದ್ದು ಹೋಗಲಿಲ್ಲ. ಮಳೆ ಹಿಡಿದ ಮೇಲೂ ಅವಳು ಅವನ ಅಂಗಿಗಳನ್ನು ಯಾರಿಗೂ ಕೊಡಲಿಲ್ಲ.

ವರ್ಷ ತಿರುಗುವುದರೊಳಗೆ ಎಣಿಕೆ ನಡೆಯಿತು. ಊರಿನಲ್ಲಿ ಸತ್ತವರ ಸಂಖ್ಯೆ, ಹತ್ತು ವರ್ಷದ ಹಿಂದೆ ಯಂತ್ರ ಹೇಳಿದ್ದಕ್ಕೆ ಬಹಳ ಹತ್ತಿರ ಬಂತು. ಯಾವ ಓಣಿಯಲ್ಲಿ ಎಷ್ಟು ಎಂಬುದೂ ಹೆಚ್ಚುಕಡಿಮೆ ಕೂಡಿತು. ಕೇಂದ್ರಕ್ಕೆ ದೊಡ್ಡ ಹೆಸರಾಯಿತು. ಪತ್ರಿಕೆಗಳು ಕಾಗಿಣಾಪುರದ ಹೆಸರನ್ನು ಯಂತ್ರದ ನಿಖರತೆಗೆ ಉದಾಹರಣೆಯಾಗಿ ಬರೆದವು. ರೇವಣಸಿದ್ದಪ್ಪ ಸನ್ಮಾನದ ಸಭೆಯಲ್ಲಿ ಮಾತಾಡುತ್ತ, ಎಲ್ಲ ಮೊದಲೇ ಗೊತ್ತಿದ್ದರಿಂದ ಊರು ಧೈರ್ಯದಿಂದ ಎದುರಿಸಿತು ಎಂದ. ಅವನ ತಮ್ಮ ಎರಡನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದ. ಬೇರೆ ಬೇರೆ ಊರುಗಳು ತಮಗೂ ಕೋಣೆ ಬೇಕೆಂದು ಬೇಡಿಕೆ ಸಲ್ಲಿಸಿದವು.

ನೀಲಾಂಬಿಕಾ ಕೆಲಸ ಬಿಟ್ಟಿದ್ದಳು. ಆದರೂ ಹೊಸ ಕೋಣೆ ತೆರೆದಲ್ಲೆಲ್ಲ ಕೇಳಿಕೊಂಡು ಹೋಗುತ್ತಿದ್ದಳು. ತಂಡದವರು ಒಳಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಮಾತಾಡಲು ಬಿಡಿ ಎನ್ನುತ್ತಿದ್ದಳು. ನಿಜವಾಗಿ ಆ ಬೇಸಿಗೆ ಕಂಡವಳು ಎಂದು ಅವರೂ ಮರ್ಯಾದೆಯಿಂದ ಬಿಡುತ್ತಿದ್ದರು. ಅವಳು ಯಂತ್ರದ ಗುಣ ಹೇಳುತ್ತಿದ್ದಳು, ಐದು ಖಾಲಿ ನೆನಪುಗಳ ಮಾತು ಹೇಳುತ್ತಿದ್ದಳು, ಊರಿನಲ್ಲಿ ಯಾರಿಗೆ ನೆನಪು ಹತ್ತುವುದಿಲ್ಲವೋ ಅವರನ್ನು ಮೊದಲು ಹುಡುಕಿ ಎನ್ನುತ್ತಿದ್ದಳು. ಅವರು ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಹೊರಬಂದಾಗ ಅಳುತ್ತಿದ್ದರು. ಅತ್ತು ಹಗುರಾಗುತ್ತಿದ್ದರು.

ಒಂದು ಊರಿನಲ್ಲಿ, ಹೊಸದಾಗಿ ಬಂದಿದ್ದ ಆಯುಕ್ತನೊಬ್ಬ ಅವಳ ಮಾತು ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕುಳಿತ. ವಿನಯದ ಮನುಷ್ಯ. ಅವಳ ಕಷ್ಟ ಕೇಳಿ ಮನಸ್ಸು ಕಲಕಿದೆ ಎಂದ. ಗಂಡನನ್ನು ಕಳೆದುಕೊಂಡು, ಆ ಓಣಿಯಲ್ಲಿ ಇಡೀ ದಿನ ನಿಂತು, ಅದನ್ನೆಲ್ಲ ದಾಟಿ ಬಂದು ಹೀಗೆ ನಾಲ್ಕು ಜನರಿಗೆ ಹೇಳುವ ಶಕ್ತಿ ತನ್ನ ತಂಡಕ್ಕೂ ಬರಲಿ ಎಂದ. ಎಂಥ ದಿನ ಬಂದರೂ ಮನುಷ್ಯ ಉಳಿಯುತ್ತಾನೆ ಎಂಬುದಕ್ಕೆ ನಿಮಗಿಂತ ಬೇರೆ ಸಾಕ್ಷಿ ಬೇಕೇ ಎಂದ.

ನೀಲಾಂಬಿಕಾ ಅವನ ಮುಖವನ್ನು ದಿಟ್ಟಿಸಿದಳು.

"ನಾ ಉಳದೀನ್ರಿ," ಎಂದಳು. "ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಅವನು ಅದನ್ನು ದೊಡ್ಡವರ ಸಂಕೋಚವೆಂದು ತಿಳಿದು ಕೈ ಮುಗಿದ. ಒಳಗಿನಿಂದ ಕರೆ ಬಂತು. ತಂಡದವರು ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಕೋಣೆಯೊಳಗೆ ಹೋದರು, ಅವನೂ ಹೋದ.